ಮಗು ಹುಟ್ಟಿದ್ದು ಮಂಗಳೂರಲ್ಲಿ, ಬಾಣಂತನ ಪೆರ್ಲದಲ್ಲಿ: ಲಸಿಕೆಗೆ ಹೆಸರು ಎಲ್ಲಿ ಕೊಡಬೇಕು?

ಪ್ರಶ್ನೆ: ನನ್ನ ತವರು ಕಾಸರಗೋಡಿನ ಪೆರ್ಲದ ಹತ್ತಿರ, ಗಂಡನ ಮನೆ ದಕ್ಷಿಣ ಕನ್ನಡದ ವಿಟ್ಲದ ಕಡೆ. ಗಂಡ ದುಬೈಯಲ್ಲಿದ್ದಾರೆ. ಹೆರಿಗೆ ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು, ಇವತ್ತಿಗೆ 36 ದಿನ. ಈಗ ಬಾಣಂತನಕ್ಕೆ ತವರಲ್ಲಿದ್ದೇನೆ. ಮುಂದಿನ ಚುಚ್ಚುಮದ್ದಿಗೆ ಫೋನಿನಲ್ಲಿ ನೋಂದಣಿ ಮಾಡೋಣ ಎಂದು ನೋಡಿದರೆ ಒಟಿಪಿ ಗಂಡನ ನಂಬರಿಗೆ ಹೋಗುತ್ತದೆ, ಆ ಸಿಮ್ಮು ಅಲ್ಲಿ ಚಾಲೂ ಇಲ್ಲ. ನನ್ನ ಆಧಾರ್ ಕರ್ನಾಟಕದ್ದು. ಕೇರಳದಲ್ಲಿ ಲಸಿಕೆ ಕೊಡುತ್ತಾರಾ? ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಆರೋಗ್ಯ ಕೇಂದ್ರದ ಮಲಯಾಳ ಬೋರ್ಡು ಓದಲು ಬರುವುದಿಲ್ಲ. ಮೂರು ತಿಂಗಳಾದ ಮೇಲೆ ವಿಟ್ಲಕ್ಕೆ ಬಂದು ಹಾಕಿಸಿದರಾಯಿತು ಎನ್ನುತ್ತಾರೆ ಅತ್ತೆ. ದೊಡ್ಡ ಮಗನಿಗೆ ಎರಡು ಮುಕ್ಕಾಲು ವರ್ಷ, ಅವನದ್ದು ಒಂದೂವರೆ ವರ್ಷದ ಲಸಿಕೆ ತಪ್ಪಿಹೋಗಿದೆ. ಏನು ಮಾಡಲಿ?

ಉತ್ತರ: ಕೊಡುತ್ತಾರೆ. ಪೆರ್ಲದಲ್ಲೇ ಕೊಡುತ್ತಾರೆ, ದುಡ್ಡು ಕೇಳದೆ ಕೊಡುತ್ತಾರೆ. ಆಧಾರ್‌ನಲ್ಲಿ ಯಾವ ರಾಜ್ಯದ ವಿಳಾಸ ಇದೆ ಎಂಬುದು ಇದಕ್ಕೆ ಅಡ್ಡಿಯಲ್ಲ. ಮಕ್ಕಳ ಲಸಿಕೆ ಇಡೀ ದೇಶಕ್ಕೆ ಒಂದೇ ಕಾರ್ಯಕ್ರಮ, 1985ರಲ್ಲಿ ಶುರುವಾದದ್ದು. ಮಗು ಆ ದಿನ ಎಲ್ಲಿದೆಯೋ ಅಲ್ಲಿ ಹಾಕಿಸಬಹುದು. ಆರು ವಾರದ್ದು ಪೆರ್ಲದಲ್ಲಿ, ಹದಿನಾಲ್ಕು ವಾರದ್ದು ವಿಟ್ಲದಲ್ಲಿ ಆದರೂ ಮಗುವಿಗೆ ಏನೂ ವ್ಯತ್ಯಾಸವಿಲ್ಲ.

ನಾನು ಈ ಗಡಿಯ ಪಂಚಾಯತುಗಳಲ್ಲಿ 27 ವರ್ಷ ಫೀಲ್ಡ್ ಸಿಸ್ಟರ್ ಆಗಿ ಮನೆಮನೆ ನಡೆದವಳು. ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ. 1956ರಲ್ಲಿ ರಾಜ್ಯದ ಗೆರೆ ಎಳೆದರು, ಮದುವೆ ಬಾಣಂತನಗಳು ಆ ಗೆರೆ ನೋಡಿಕೊಂಡು ನಡೆಯಲಿಲ್ಲ. ಹೆಣ್ಣು ಕೊಡುವುದು ವಿಟ್ಲ ಪುತ್ತೂರಿಗೆ, ಹೆರಿಗೆ ಮಂಗಳೂರಲ್ಲಿ, ಬಾಣಂತನ ತವರಲ್ಲಿ. ಮಗುವಿನ ಎರಡನೇ ಸುತ್ತಿನ ಲಸಿಕೆ ಇರುವುದು ಆರು ವಾರಕ್ಕೆ, ಅಂದರೆ 42 ದಿನಕ್ಕೆ. ಮಗು ಯಾವ ಊರಿನ ಲೆಕ್ಕಕ್ಕೂ ಸೇರದೆ ಮಧ್ಯದಲ್ಲಿರುವ ಹೊತ್ತು ಅದು. ಹುಟ್ಟಿದ ಆಸ್ಪತ್ರೆಯವರು ಮನೆಗೆ ಕಳಿಸಿ ಆಯಿತು, ಗಂಡನ ಮನೆಯ ಆಶಾ ಕಾರ್ಯಕರ್ತೆಗೆ ಮಗು ಇನ್ನೂ ಬಂದಿಲ್ಲ, ತವರಿನ ಆಶಾಗೆ ಮಗು ಬಂದದ್ದು ಗೊತ್ತೇ ಇಲ್ಲ. ಗಡಿಯಲ್ಲಿ ಲಸಿಕೆ ತಪ್ಪುವ ಮಕ್ಕಳಲ್ಲಿ ಜಾಸ್ತಿ ಜನ ತಪ್ಪುವುದು ಹೀಗೆ. ಲಸಿಕೆ ಬೇಡ ಎಂದವರನ್ನು ನಾನು ಕಂಡದ್ದು ಕಡಿಮೆ, ಯಾರ ಲೆಕ್ಕದಲ್ಲೂ ಇಲ್ಲದ ಮಕ್ಕಳನ್ನು ಕಂಡದ್ದು ಜಾಸ್ತಿ.

ಹಾಗಾಗಿ ಫೋನನ್ನು ಸ್ವಲ್ಪ ಬದಿಗಿಡಿ. ಮೊದಲು ನಿಮ್ಮ ತವರಿನ ವಾರ್ಡಿನ ಆಶಾ ಯಾರೆಂದು ಅಮ್ಮನಲ್ಲಿ ಕೇಳಿ. ಅಮ್ಮನಿಗೆ ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ, ವಾರ್ಡ್ ಮೆಂಬರಿಗೂ ಗೊತ್ತಿರುತ್ತದೆ. ಅವರಿಗೆ ಒಂದು ಫೋನ್ ಮಾಡಿ, ಮಗು ಹುಟ್ಟಿದ ತಾರೀಕು ಹೇಳಿ, ಎಷ್ಟು ದಿನ ಇಲ್ಲಿರುತ್ತೀರಿ ಎಂದು ಹೇಳಿ. ಅಷ್ಟು ಹೇಳಿದರೆ ನಿಮ್ಮ ಮಗು ಅವರ ಡ್ಯೂ ಲಿಸ್ಟಿಗೆ ಸೇರುತ್ತದೆ. ಮುಂದಿನ ಲಸಿಕೆ ದಿನಕ್ಕೆ ಯಾವ್ಯಾವ ಮಗುವಿಗೆ ಏನು ಬಾಕಿ ಎಂದು ಆಶಾ ಮತ್ತು ಸಿಸ್ಟರ್ ಸೇರಿ ಬರೆಯುವ ಪಟ್ಟಿ ಅದು. ನಿಜವಾದ ನೋಂದಣಿ ಇದೇ.

ಈ ಪಟ್ಟಿಗೆ ಯಾಕೆ ಇಷ್ಟು ಬೆಲೆ ಎಂದು ಹೇಳುತ್ತೇನೆ. ಲಸಿಕೆ ಉಪಕೇಂದ್ರದಲ್ಲಿ ಇಡುವ ವಸ್ತುವಲ್ಲ. ಕುಟುಂಬಾರೋಗ್ಯ ಕೇಂದ್ರದ ಐಸ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರುತ್ತದೆ. ಲಸಿಕೆ ದಿನ ಬೆಳಿಗ್ಗೆ ಪಟ್ಟಿ ನೋಡಿ, ಬೇಕಾದಷ್ಟು ಬಾಟಲಿ ಎಣಿಸಿ, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ತರುತ್ತಾರೆ. ಕ್ಷಯ ತಡೆಯುವ ಬಿಸಿಜಿ ಮತ್ತು ದಡಾರ, ರುಬೆಲ್ಲಾ ತಡೆಯುವ ಎಂಆರ್ ಪುಡಿಯಾಗಿ ಬರುತ್ತವೆ. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಒಮ್ಮೆ ನೀರು ಬೆರೆಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಪಟ್ಟಿಯಲ್ಲಿಲ್ಲದ ಮಗುವನ್ನು ಎತ್ತಿಕೊಂಡು ಮಧ್ಯಾಹ್ನ ಹೋದರೆ "ಇವತ್ತು ಬಿಸಿಜಿ ಮುಗಿಯಿತು, ಮುಂದಿನ ವಾರ ಬನ್ನಿ" ಎಂಬ ಮಾತು ಬರುವುದು ಇದಕ್ಕೇ. ಕೇಳುವವರಿಗೆ ಬೇಸರವಾಗುತ್ತದೆ, ಹೊರ ಊರಿನವರು ಎಂದು ಕೊಡಲಿಲ್ಲ ಅನಿಸುತ್ತದೆ. ಮಳೆಯಲ್ಲಿ ಹಸಿ ಬಾಣಂತಿ ಜೀಪು ಹತ್ತಿ ಬಂದು ಬರಿಗೈಯಲ್ಲಿ ಹೋಗುವುದನ್ನು ನೋಡಿದಾಗ ನನಗೂ ಹೊಟ್ಟೆ ಉರಿಯುತ್ತಿತ್ತು. ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ಆ ಓಡಾಟ ಉಳಿಯುತ್ತಿತ್ತು.

ಈಗ ಫೋನಿನ ವಿಷಯ. ನೀವು ತೆರೆದದ್ದು ಯು-ವಿನ್ ಇರಬೇಕು. 2023ರಲ್ಲಿ ಪ್ರತಿ ರಾಜ್ಯದ ಎರಡೆರಡು ಜಿಲ್ಲೆಯಲ್ಲಿ ಪ್ರಯೋಗ ಮಾಡಿ, ಆಮೇಲೆ ದೇಶಕ್ಕೆಲ್ಲ ತಂದರು. ಕೊರೊನಾ ಕಾಲದ ಕೋವಿನ್‌ನ ಹಾಗೆಯೇ, ಇದು ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ. ಮೊಬೈಲ್ ನಂಬರು, ಒಟಿಪಿ, ಮಗುವಿನ ಹುಟ್ಟಿದ ದಿನ, ತಂದೆ ಅಥವಾ ತಾಯಿಯ ಒಂದು ಗುರುತಿನ ಚೀಟಿ, ಇಷ್ಟು ಕೊಟ್ಟರೆ ಮಗುವಿನ ಖಾತೆ ಆಗುತ್ತದೆ. ಆಮೇಲೆ ಹತ್ತಿರದ ಕೇಂದ್ರ ಮತ್ತು ದಿನ ಆರಿಸಬಹುದು. ಮಗುವಿಗೆ ಹೆಸರಿಟ್ಟಿಲ್ಲ ಎಂದು ಕಾಯಬೇಡಿ, ತಾಯಿಯ ಹೆಸರಿನಲ್ಲೇ ಮಗುವನ್ನು ಬರೆಯುವ ಕ್ರಮ ಇದೆ. ಜನನ ಪ್ರಮಾಣಪತ್ರವೂ ಬೇಕಿಲ್ಲ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಸಾಕು.

ಇದು ಒಳ್ಳೆಯ ವ್ಯವಸ್ಥೆ, ನಿಮ್ಮಂಥ ಎರಡು ರಾಜ್ಯದ ಮನೆಯವರಿಗಂತೂ ತುಂಬ ಒಳ್ಳೆಯದು. ಪೆರ್ಲದಲ್ಲಿ ಹಾಕಿಸಿದ್ದು ವಿಟ್ಲದ ಸಿಸ್ಟರಿಗೆ ಕಾಣಿಸುತ್ತದೆ. ಮುಂದಿನ ಲಸಿಕೆಗೆ ಮೆಸೇಜು ಬರುತ್ತದೆ. ಪ್ರಮಾಣಪತ್ರ ಫೋನಿನಲ್ಲೇ ಸಿಗುತ್ತದೆ. ನಾಳೆ ಮಗುವನ್ನು ದುಬೈಗೆ ಕರೆದುಕೊಂಡು ಹೋದರೆ ಅಲ್ಲಿನ ಶಾಲೆಯವರು ಲಸಿಕೆಯ ದಾಖಲೆ ಕೇಳುತ್ತಾರೆ, ಆಗಲೂ ಉಪಯೋಗಕ್ಕೆ ಬರುತ್ತದೆ. ಆದರೆ ನೀವೇ ಮಾಡಬೇಕೆಂದಿಲ್ಲ. ಲಸಿಕೆ ದಿನ ನೇರ ಹೋದರೂ ಅಲ್ಲಿಯೇ ಸಿಸ್ಟರ್ ಮಾಡಿಕೊಡುತ್ತಾರೆ. 2021ರಲ್ಲಿ ಸ್ಲಾಟು ತೆರೆದು ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗುತ್ತಿದ್ದದ್ದು ನಮ್ಮೆಲ್ಲರ ಮನಸ್ಸಲ್ಲಿ ಕೂತುಬಿಟ್ಟಿದೆ. ಮಕ್ಕಳ ಲಸಿಕೆಗೆ ಆ ಪೈಪೋಟಿ ಇಲ್ಲ. ಬುಕಿಂಗ್ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ.

ಒಟಿಪಿಗೆ ಬರುತ್ತೇನೆ, ನಿಮ್ಮ ನಿಜವಾದ ಗಂಟು ಅಲ್ಲಿದೆ. ಗಂಡನ ನಂಬರಿಗೆ ಒಟಿಪಿ ಹೋಗುತ್ತದೆ ಅಂದರೆ ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ನಂಬರು ಕೊಟ್ಟಿರಬಹುದು, ಅಥವಾ ನೀವು ಗರ್ಭಿಣಿಯಾಗಿದ್ದಾಗ ಹೆಸರು ಬರೆಸಿದಾಗಲೇ ಕೊಟ್ಟಿರಬಹುದು. ಹಾಗಾದರೆ ಮಗುವಿನ ಖಾತೆ ಆಗಲೇ ಇರುವ ಸಾಧ್ಯತೆ ಇದೆ. ಅದನ್ನು ಬಿಟ್ಟು ನಿಮ್ಮ ನಂಬರಿನಲ್ಲಿ ಹೊಸದೊಂದು ತೆರೆದರೆ ಒಂದು ಮಗು ಎರಡು ಮಗುವಾಗುತ್ತದೆ. ನನ್ನ ತಂಗಿಯ ಮಗಳಿಗೆ ಹೀಗೇ ಆಯಿತು. ಹುಟ್ಟಿದ ದಿನದ ಲಸಿಕೆ ಒಂದು ಖಾತೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಮಗುವಿಗೆ ಎಲ್ಲ ಹಾಕಿಸಿ ಆಗಿದ್ದರೂ ಬಾಕಿ ಇದೆ ಎಂದು ಮೆಸೇಜು ಬರುತ್ತಲೇ ಇತ್ತು. ಸರಿ ಮಾಡಿಸಲು ಎರಡು ತಿಂಗಳು ಎರಡೂ ಕಡೆ ಅಲೆದಳು. ಅದಕ್ಕೆ ಸಿಸ್ಟರ್ ಹತ್ತಿರ ಹೋದಾಗ ಮೊದಲ ಮಾತಿಗೇ ಹೇಳಿ: "ಮಂಗಳೂರಲ್ಲಿ ಈ ನಂಬರು ಕೊಟ್ಟಿದ್ದೆವು, ಇದರಲ್ಲಿ ಮಗು ಇದೆಯಾ ನೋಡಿ." ಇದ್ದರೆ ನಂಬರು ಬದಲಾಯಿಸಲು ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಇಲ್ಲದಿದ್ದರೆ ಹೊಸದು ಮಾಡಲಿ, ಆಗ ಯಾವಾಗಲೂ ನಿಮ್ಮ ಕೈಯಲ್ಲಿರುವ ನಂಬರನ್ನೇ ಕೊಡಿ. ಗಲ್ಫಿನ ನಂಬರು ಬೇಡ, ಆಗಾಗ ಬದಲಾಗುವ ನಂಬರೂ ಬೇಡ. ಒಂದೇ ನಂಬರಿನಲ್ಲಿ ಮನೆಯ ಹಲವರನ್ನು ಸೇರಿಸಬಹುದು. ಮಗನನ್ನೂ ಅದರಲ್ಲೇ ಸೇರಿಸಿ.

ಸಿಸ್ಟರ್ "ಆರ್‌ಸಿಎಚ್ ನಂಬರ್ ಉಂಡೋ?", ಅಂದರೆ ಇದೆಯಾ, ಎಂದು ಕೇಳಿದರೆ ಗಾಬರಿಯಾಗಬೇಡಿ. ಗರ್ಭಿಣಿಯಾದಾಗ ಸರ್ಕಾರದ ಲೆಕ್ಕದಲ್ಲಿ ನಿಮಗೆ ಕೊಟ್ಟ ನಂಬರು ಅದು. ಕರ್ನಾಟಕದ ತಾಯಿ ಕಾರ್ಡ್ ಇದ್ದರೆ ಅದನ್ನೇ ತೋರಿಸಿ. ಇಲ್ಲಿ ಮಲಯಾಳದ ಹೊಸ ಕಾರ್ಡು ಕೊಟ್ಟರೂ ಹಳೆಯದನ್ನು ಎಸೆಯಬೇಡಿ. ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಡಿಸ್ಚಾರ್ಜ್ ಚೀಟಿಯನ್ನೂ ಜೊತೆಗಿಡಿ. ಫೋನು ಕೆಡಬಹುದು, ನೆಟ್‌ವರ್ಕ್ ಹೋಗಬಹುದು. ಆ ಕಾಗದದಲ್ಲಿ ಸಿಸ್ಟರ್ ಬರೆದ ತಾರೀಕು ಎಲ್ಲಿಗೂ ಹೋಗುವುದಿಲ್ಲ. ನನಗಂತೂ ಇವತ್ತಿಗೂ ಕಾರ್ಡಿನ ಮೇಲೆಯೇ ನಂಬಿಕೆ ಜಾಸ್ತಿ.

ಡಿಸ್ಚಾರ್ಜ್ ಚೀಟಿಯನ್ನು ಇವತ್ತೇ ತೆಗೆದು ನೋಡಿ. ಬಿಸಿಜಿ, ಹುಟ್ಟಿದಾಗ ಹಾಕುವ ಪೋಲಿಯೊದ ಸೊನ್ನೆ ಡೋಸು, ಹೆಪಟೈಟಿಸ್ ಬಿ, ಈ ಮೂರು ಬರೆದಿರಬೇಕು. ಬಿಸಿಜಿ ಕಾಣದಿದ್ದರೆ ಆಶಾಗೆ ಹೇಳಿ, ಒಂದು ವರ್ಷದೊಳಗೆ ಹಾಕಿಸಬಹುದು. ಹೆಪಟೈಟಿಸ್ ಬಿ ಹುಟ್ಟಿದ 24 ಗಂಟೆಯೊಳಗಿನದ್ದು. ಅದು ತಪ್ಪಿದ್ದರೆ ಈಗ ಆರು ವಾರಕ್ಕೆ ಬರುವ ಪೆಂಟಾ ಎಂಬ ಚುಚ್ಚುಮದ್ದಿನಲ್ಲಿ ಆ ಔಷಧಿ ಇದೆ.

ದಿನದ ಲೆಕ್ಕ ಸುಲಭ. ಕೇರಳದ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗೆ ಸಾಮಾನ್ಯವಾಗಿ ಬುಧವಾರ, ಕರ್ನಾಟಕದಲ್ಲಿ ಗುರುವಾರ. ಗಡಿಯ ಅಡ್ಕಸ್ಥಳ ದಾಟಿದರೆ ಲಸಿಕೆಯ ದಿನವೇ ಬದಲು, ಅಷ್ಟು ನೆನಪಿಡಿ. ಉಪಕೇಂದ್ರ, ಅಂಗನವಾಡಿಗಳಲ್ಲಿ ಬೇರೆ ದಿನ ಇಡುವುದೂ ಉಂಟು, ಆಶಾ ಹೇಳುತ್ತಾರೆ. 42 ದಿನ ತುಂಬಿದ ಮೇಲೆ ಬರುವ ಮೊದಲ ಲಸಿಕೆ ದಿನಕ್ಕೆ ಹೋಗಿ. ಒಂದೆರಡು ದಿನ ಮೊದಲೇ ಹೋದರೆ ಕೊಡುವುದಿಲ್ಲ, ಅದು ಸರಿಯೇ. ಆಮೇಲೆ ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ. ಒಂದರಿಂದ ಇನ್ನೊಂದಕ್ಕೆ ಕಡಿಮೆಯೆಂದರೆ ನಾಲ್ಕು ವಾರ ಇರಬೇಕು.

ಭಾಷೆಯ ಬಗ್ಗೆ. ಬೋರ್ಡಿನಲ್ಲಿರುವ "ಪ್ರತಿರೋಧ ಕುತ್ತಿವೆಪ್ಪ್" ಅಂದರೆ ಇದೇ ಚುಚ್ಚುಮದ್ದು. "ತುಳ್ಳಿಮರುನ್ನ್" ಅಂದರೆ ಪೋಲಿಯೊ ಹನಿ. "ಬುಧನಾಳ್ಚ" ನಮ್ಮ ಬುಧವಾರ. ಈ ಮೂರು ಗೊತ್ತಿದ್ದರೆ ಬಾಗಿಲು ದಾಟಬಹುದು. ನಿಮ್ಮ ವಾರ್ಡಿನ ಆಶಾ ಅದೇ ಊರಿನವರಾದ್ದರಿಂದ ಅವರಲ್ಲಿ ಕನ್ನಡ, ತುಳು ಯಾವುದಾದರೂ ನಡೆಯುತ್ತದೆ. ಸಿಸ್ಟರ್ ತೆಂಕಣ ಜಿಲ್ಲೆಯಿಂದ ಬಂದವರಾದರೆ ಆಶಾ ಪಕ್ಕದಲ್ಲಿರಲಿ ಎಂದು ಕೇಳಿಕೊಳ್ಳಿ. ಅರ್ಥವಾಗದೆ ತಲೆಯಾಡಿಸಬೇಡಿ. ಕಾಸರಗೋಡಿನ ಕನ್ನಡಿಗರು ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲೇ ಇದೆ. ಕೇಂದ್ರದಲ್ಲಿ ಕನ್ನಡದ ಬೋರ್ಡಿಲ್ಲದಿದ್ದರೆ ಪಂಚಾಯತಿಗೆ ಒಂದು ಅರ್ಜಿ ಕೊಡಿ, ನಾಲ್ಕು ಮನೆಯವರು ಸೇರಿ ಸಹಿ ಹಾಕಿ. ನಾನು ನೌಕರಿಯಲ್ಲಿದ್ದಾಗ ಕೈಯಿಂದ ಬರೆದು ಗೋಡೆಗೆ ಅಂಟಿಸಿದ್ದ ಒಂದು ಕನ್ನಡದ ಹಾಳೆಯನ್ನು ಎಷ್ಟು ಜನ ನಿಂತು ಓದುತ್ತಿದ್ದರೆಂದು ಇವತ್ತಿಗೂ ನೆನಪಿದೆ. ರಾತ್ರಿ ಹೊತ್ತು ಏನಾದರೂ ಸಂಶಯ ಬಂದರೆ ಕೇರಳದ ದಿಶಾ ಸಹಾಯವಾಣಿ 1056 ಇದೆ.

ಅತ್ತೆಯ ಮಾತು. ಅವರು ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಬಾಣಂತಿ ಓಡಾಡಬಾರದು ಎಂಬುದೂ ಅದರಲ್ಲಿದೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಆರು ವಾರಕ್ಕೆ ಕೊಡುವ ಪೆಂಟಾದಲ್ಲಿ ಐದು ರೋಗಗಳ ತಡೆ ಇದೆ, ಅದರಲ್ಲಿ ಒಂದು ನಾಯಿಕೆಮ್ಮು. ದೊಡ್ಡವರಿಗೆ ಅದು ಬರೀ ಕೆಮ್ಮು. ಎರಡು ತಿಂಗಳ ಕೂಸಿಗೆ ಉಸಿರೇ ನಿಲ್ಲಬಹುದು. ನಾಯಿಕೆಮ್ಮು ಕೂಸನ್ನು ಕೊಲ್ಲುವುದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ. ಮೂರು ತಿಂಗಳು ಕಾಯುವುದೆಂದರೆ ಮಗು ತೀರಾ ಎಳತಾಗಿರುವ ದಿನಗಳನ್ನೇ ಬರಿದಾಗಿ ಬಿಟ್ಟಂತೆ. ಭೇದಿ ತಡೆಯುವ ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊದ ಹನಿ ಮತ್ತು ಚುಚ್ಚುಮದ್ದು, ಇವೂ ಅದೇ ದಿನ. ಪೆಂಟಾವನ್ನು ದೇಶದಲ್ಲಿ ಮೊದಲು ಶುರುಮಾಡಿದ್ದೇ ಕೇರಳ ಮತ್ತು ತಮಿಳುನಾಡಿನಲ್ಲಿ, 2011ರ ಡಿಸೆಂಬರಿನಲ್ಲಿ. ಆಗಿನಿಂದ ನಾನು ನೌಕರಿ ಬಿಡುವವರೆಗೆ ಈ ಕೈಯಲ್ಲೇ ಕೊಟ್ಟಿದ್ದೇನೆ. ಅತ್ತೆಗೆ ನೀವೇ ಹೇಳಲು ಕಷ್ಟವಾದರೆ ಸಿಸ್ಟರಿಂದ ಫೋನಿನಲ್ಲಿ ಒಂದು ಮಾತು ಹೇಳಿಸಿ. ನಾನು ಎಷ್ಟೋ ಅತ್ತೆಯರ ಹತ್ತಿರ ಮಾತಾಡಿದ್ದೇನೆ, ನಾಯಿಕೆಮ್ಮು ಎಂದ ಕೂಡಲೇ ಹಳಬರಿಗೆ ಅರ್ಥವಾಗುತ್ತದೆ. ಅವರು ಅದನ್ನು ಕಣ್ಣಾರೆ ಕಂಡವರು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಪೆರ್ಲ ಇರುವ ನಿಮ್ಮ ಎಣ್ಮಕಜೆ ಪಂಚಾಯತಿನ ತಾಯಂದಿರು, ಈ ಸೂಜಿಯಿಂದ ಮಗುವಿಗೆ ಏನಾದರೂ ಆದೀತಾ ಎಂದು ನನ್ನ ಹತ್ತಿರ ಕೇಳುತ್ತಿದ್ದರು. ಗೇರು ತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲಿದ ಊರದು. ಆಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಅಂಥ ಊರಿನ ತಾಯಿ ಸರ್ಕಾರದ ಸೂಜಿಯನ್ನು ನೋಡಿ ಹಿಂದೆ ಮುಂದೆ ನೋಡಿದರೆ ಅದು ಅಜ್ಞಾನ ಅಲ್ಲ. ಅವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಕೇಳಿ, ಎಷ್ಟು ಬೇಕಾದರೂ ಕೇಳಿ, ಬಾಟಲಿ ತೋರಿಸಿ ಎನ್ನಿ, ತಾರೀಕು ಓದಿ. ಮನೆಯಲ್ಲಿ ಅಂಗವೈಕಲ್ಯ ಇರುವ ಮಗು ಇದ್ದರೆ, ಆ ಮಗುವಿಗೂ ಲಸಿಕೆ ಬೇಕು, ಅದರ ಪಕ್ಕ ಹುಟ್ಟಿದ ಮಗುವಿಗೂ ಬೇಕು. ಒಂದೇ ಸ್ಥಿತಿಯಲ್ಲಿ ನಿಂತ ನರದ ತೊಂದರೆ ಲಸಿಕೆಗೆ ಅಡ್ಡಿಯಲ್ಲ. ದಿನದಿನಕ್ಕೆ ಹೆಚ್ಚಾಗುತ್ತಿರುವ ಅಥವಾ ಹತೋಟಿಗೆ ಬಾರದ ಫಿಟ್ಸ್ ಇರುವ ಮಗುವಿಗೆ ಮಾತ್ರ ಡಾಕ್ಟರು ನೋಡಿ ತೀರ್ಮಾನಿಸಬೇಕು.

ಹಾಕಿಸಿದ ದಿನದ್ದು ಚಿಕ್ಕದಾಗಿ ಹೇಳುತ್ತೇನೆ. ಸ್ವಲ್ಪ ಶೀತ ಇದೆ ಎಂದು ಹಿಂದೆ ಬರಬೇಡಿ. ಹಾಲು ಕುಡಿಸಿಕೊಂಡೇ ಹೋಗಿ, ಆದ ಮೇಲೂ ಕುಡಿಸಿ. ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ, ಎಷ್ಟೇ ಅವಸರವಿದ್ದರೂ. ಆ ರಾತ್ರಿ ಜ್ವರ ಬರಬಹುದು, ತೊಡೆ ಬಾತುಕೊಳ್ಳಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಜ್ವರದ ಹನಿ ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿ ಸಿಸ್ಟರ್ ಹೇಳುತ್ತಾರೆ, ಅದನ್ನು ಬರೆಸಿಕೊಳ್ಳಿ. ನಮ್ಮಲ್ಲಿ ಮಗುವನ್ನು ಮೀಯಿಸುವ ಅಜ್ಜಿಯರಿಗೆ ಒಂದು ಮಾತು ಮೊದಲೇ ಹೇಳಿಡಿ: ಸ್ನಾನ ಮಾಡಿಸಬಹುದು, ಆದರೆ ಚುಚ್ಚಿದ ತೊಡೆಗೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಬೇಡ. ಜ್ವರ ಎರಡು ದಿನ ದಾಟಿದರೆ, ಮಗು ಹಾಲು ಕುಡಿಯದಿದ್ದರೆ, ಮೂರು ಗಂಟೆಗಿಂತ ಜಾಸ್ತಿ ನಿಲ್ಲದೆ ಅತ್ತರೆ, ಫಿಟ್ಸ್ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಎಡ ಭುಜದ ಬಿಸಿಜಿ ಜಾಗದಲ್ಲಿ ಕೆಲವು ವಾರಗಳಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಕಲೆ ಉಳಿಯುತ್ತದೆ. ಅದಕ್ಕೆ ಅರಿಶಿನ, ಮುಲಾಮು ಏನನ್ನೂ ಹಚ್ಚಬೇಡಿ.

ಖಾಸಗಿಯಲ್ಲಿ ಸಿಗುವ ಜ್ವರ ಬಾರದ ಚುಚ್ಚುಮದ್ದು ಒಳ್ಳೆಯದಾ ಎಂದು ಯಾರಾದರೂ ತಲೆಗೆ ಹಾಕಿಯಾರು. ಜ್ವರ ಕಡಿಮೆ ಬರುವುದು ನಿಜ, ಬೆಲೆಯೂ ಜಾಸ್ತಿ. ನನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಸರ್ಕಾರಿ ಕೇಂದ್ರದ್ದೇ ಹಾಕಿಸಿದ್ದೇನೆ. ಖಾಸಗಿಯಲ್ಲೇ ಹಾಕಿಸಿದರೆ ಬಾಟಲಿಯ ಹೆಸರನ್ನು ಕಾರ್ಡಿನಲ್ಲಿ ಬರೆಸಿ, ಆಶಾಗೂ ತಿಳಿಸಿ, ಅವರ ಪಟ್ಟಿಯಲ್ಲಿ ಬಾಕಿ ಎಂದು ಉಳಿಯಬಾರದು.

ಕೊನೆಗೆ ಮಗ. ಅವನನ್ನೂ ಅದೇ ಬುಧವಾರ ಕರೆದುಕೊಂಡು ಹೋಗಿ, ಆಶಾಗೆ ಫೋನ್ ಮಾಡುವಾಗ ಅವನ ಹೆಸರನ್ನೂ ಹೇಳಿ. ಮೊದಲಿನಿಂದ ಪುನಃ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಎರಡನೇ ಎಂಆರ್ ಐದು ವರ್ಷದವರೆಗೆ ಹಾಕಬಹುದು, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯ ಬೂಸ್ಟರ್ ಏಳು ವರ್ಷದವರೆಗೆ. ಪೋಲಿಯೊ ಬೂಸ್ಟರ್ ಹನಿ, ವಿಟಮಿನ್ ಎ ಕೂಡ ಕೇಳಿ. ತಡವಾಯಿತೆಂದು ಯಾರಾದರೂ ಗದರಿದರೆ ಗದರಲಿ, ಲಸಿಕೆ ಹಾಕಿಸಿಕೊಂಡೇ ಬನ್ನಿ. ಅವನ ಕಾರ್ಡಿನಲ್ಲಿ ಜೆಇ ಎಂಬ ಸಾಲಿದ್ದು, ಪೆರ್ಲದಲ್ಲಿ ಅದು ಇಲ್ಲ ಎಂದರೆ ತಪ್ಪು ತಿಳಿಯಬೇಡಿ. ಅದು ಮೆದುಳು ಜ್ವರದ ಲಸಿಕೆ, ಎಲ್ಲ ಜಿಲ್ಲೆಗಳಲ್ಲಿ ಕೊಡುವುದಲ್ಲ. ದಕ್ಷಿಣ ಕನ್ನಡದಲ್ಲಿ 2022ರ ಡಿಸೆಂಬರಿನಲ್ಲಿ ಅದರ ಅಭಿಯಾನ ನಡೆಸಿದರು. ಅದೊಂದನ್ನು ವಿಟ್ಲಕ್ಕೆ ಹೋದ ಮೇಲೆ, ಒಂದು ಗುರುವಾರ, ಅಲ್ಲಿನ ಆಶಾಗೆ ಕಾರ್ಡು ತೋರಿಸಿ ಹಾಕಿಸಿ. ಚಿಕ್ಕವಳಿಗೂ ಒಂಬತ್ತು ತಿಂಗಳು ತುಂಬಿದಾಗ ಅಲ್ಲೇ ಇದ್ದರೆ ಎಂಆರ್ ಜೊತೆ ಅದನ್ನೂ ಕೇಳಿ.